ಮಂಡಳಿಗೆ ಒಬ್ಬನೇ ನೌಕರ

ಅಮೆರಿಕದ ಸರ್ಕಾರಿ ಶಾಲೆಗೆ ಮೇಷ್ಟ್ರನ್ನು ನೇಮಿಸುವುದು ವಾಷಿಂಗ್ಟನ್ ಅಲ್ಲ, ಸಾಮಾನ್ಯವಾಗಿ ರಾಜ್ಯ ಸರ್ಕಾರವೂ ಅಲ್ಲ. ಆ ದೇಶವನ್ನು 13,000ಕ್ಕೂ ಹೆಚ್ಚು ಸ್ಕೂಲ್ ಡಿಸ್ಟ್ರಿಕ್ಟ್‌ಗಳಾಗಿ ಹಂಚಿದ್ದಾರೆ. ಒಂದೇ ಶಾಲೆಯ ಡಿಸ್ಟ್ರಿಕ್ಟೂ ಉಂಟು, ಲಕ್ಷಗಟ್ಟಲೆ ಮಕ್ಕಳಿರುವ ಡಿಸ್ಟ್ರಿಕ್ಟೂ ಉಂಟು. ಹೆಚ್ಚಿನ ಕಡೆ ಊರಿನ ಮತದಾರರೇ ಐದೋ ಏಳೋ ಒಂಬತ್ತೋ ಜನರ ಶಾಲಾ ಮಂಡಳಿಯನ್ನು ಆರಿಸುತ್ತಾರೆ. ಅದರಲ್ಲಿ ಹಲ್ಲಿನ ಡಾಕ್ಟರೂ ಇರಬಹುದು, ಅಂಗಡಿ ಇಟ್ಟವರೂ ಇರಬಹುದು. ಬಹಳ ಜನಕ್ಕೆ ಸಂಬಳವೇ ಇಲ್ಲ. ಈ ಮಂಡಳಿ ಕರಾರಿನ ಮೇಲೆ ಒಬ್ಬ ಸೂಪರಿಂಟೆಂಡೆಂಟನ್ನು ತರುತ್ತದೆ. ಉಳಿದವರೆಲ್ಲ ಅವರ ಕೈಕೆಳಗೆ. ಹಾಗಾಗಿಯೇ ಮಂಡಳಿಗೆ ಇರುವುದು ಒಬ್ಬನೇ ನೌಕರ ಎಂದು ಅಲ್ಲಿಯವರು ಹೇಳುವುದು.

ಹಾಗಾದರೆ ಡಿಸ್ಟ್ರಿಕ್ಟನ್ನು ನಡೆಸುವವರು ಯಾರು? ಓಟು ಪಡೆದ ಹವ್ಯಾಸಿಗಳೋ, ಸಂಬಳ ಪಡೆಯುವ ಪರಿಣತರೋ? ನೀತಿ ಮಂಡಳಿಯದು, ಆಡಳಿತ ಸೂಪರಿಂಟೆಂಡೆಂಟರದು ಎನ್ನುವುದು ಸಿದ್ಧ ಉತ್ತರ. ಸಭೆಯೊಂದರಲ್ಲಿ ಅರ್ಧ ಗಂಟೆ ಕೂತರೆ ಸಾಕು, ಈ ಗೆರೆ ಕಾಗದದ ಮೇಲಿನದು ಎಂದು ತಿಳಿಯುತ್ತದೆ.

ಸಭೆ ತಿಂಗಳಿಗೆ ಒಂದೋ ಎರಡೋ ಸಂಜೆ. ಸದಸ್ಯರ ಸಾಲಿನಲ್ಲೇ ಸೂಪರಿಂಟೆಂಡೆಂಟರಿಗೂ ಕುರ್ಚಿ. ಮಾತಾಡಬಹುದು, ಓಟು ಹಾಕುವಂತಿಲ್ಲ. ಸಾರ್ವಜನಿಕರು ಮೈಕಿನ ಮುಂದೆ ಸರದಿಯಲ್ಲಿ ನಿಲ್ಲುತ್ತಾರೆ, ತಲೆಗೆ ಎರಡು ಮೂರು ನಿಮಿಷ, ಗಡಿಯಾರ ಎದುರಿಗೇ ಓಡುತ್ತಿರುತ್ತದೆ. ಬಸ್ಸಿನ ಟೈರು, ಅಡುಗೆಮನೆ ಫ್ರಿಜ್ಜುಗಳ ಖರೀದಿಯೆಲ್ಲ ಒಂದೇ ಗಂಟಾಗಿ ‘ಕನ್ಸೆಂಟ್ ಅಜೆಂಡಾ’ದಲ್ಲಿ ಒಂದೇ ಉಸಿರಿಗೆ ಪಾಸಾಗುತ್ತವೆ. ಜಗಳ ಏಳುವುದು ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ ಎಂಬ ನಕ್ಷೆ ಬಂದಾಗ. ಅಲ್ಲಿ ಮನೆಯ ಬೆಲೆಯೂ ಶಾಲೆಯ ಹೆಸರನ್ನು ನೋಡಿಕೊಂಡು ಏರುತ್ತದೆ, ಇಳಿಯುತ್ತದೆ. ಆ ನಕ್ಷೆ ನೀತಿಯೋ ಆಡಳಿತವೋ? ಅದನ್ನು ಬರೆಯುವುದು ಸೂಪರಿಂಟೆಂಡೆಂಟರ ಕಚೇರಿ, ಓಟು ಹಾಕುವುದು ಮಂಡಳಿ. ಒಂದೇ ನಕ್ಷೆಯನ್ನು ಮುಂದಿಟ್ಟರೆ ಅರ್ಧ ತೀರ್ಮಾನ ಆಗಿಹೋದ ಹಾಗೆಯೇ. ಇನ್ನೆರಡು ನಕ್ಷೆ ಯಾಕೆ ತರಲಿಲ್ಲ ಎಂದು ಕೇಳುವ ಸದಸ್ಯರಿದ್ದರೆ ಮಂಡಳಿಗೆ ಅರ್ಥ; ಇಲ್ಲದಿದ್ದರೆ ಅದು ರುಜು ಹಾಕುವ ಯಂತ್ರ.

ಕೇಳುವುದು ಬೇರೆ, ಮೂಗು ತೂರಿಸುವುದು ಬೇರೆ. ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ 1992ರಿಂದ 2020ರವರೆಗೆ ಇದ್ದವರು ಇಬ್ಬರೇ ಸೂಪರಿಂಟೆಂಡೆಂಟರು, ಕಾರ್ಲ್ ಕೋನ್ ಮತ್ತು ಕ್ರಿಸ್ ಸ್ಟೈನ್‌ಹೌಸರ್. ದೊಡ್ಡ ನಗರಗಳಲ್ಲಿ ಆ ಕುರ್ಚಿ ಮೂರು ನಾಲ್ಕು ವರ್ಷಕ್ಕೆ ಬದಲಾಗುವುದು ಮಾಮೂಲು. 2003ರಲ್ಲಿ ನಗರ ಶಾಲೆಗಳಿಗೆ ಮೀಸಲಾದ ಬ್ರಾಡ್ ಪ್ರಶಸ್ತಿ ಲಾಂಗ್ ಬೀಚಿಗೆ ಬಂತು. ಹೊಗಳಿಕೆ ಅಧಿಕಾರಿಗಳ ಪಾಲಾಗುತ್ತದೆ. ಅಷ್ಟು ವರ್ಷ ಒಬ್ಬರನ್ನು ಇಟ್ಟುಕೊಂಡ ಮಂಡಳಿಯ ತಾಳ್ಮೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ನನ್ನ ಮಟ್ಟಿಗೆ ಅದೇ ದೊಡ್ಡ ಕೆಲಸ.

ಹಾಗಂತ ಎಲ್ಲವನ್ನೂ ಪರಿಣತರಿಗೆ ಬಿಟ್ಟು ಚುನಾವಣೆಯನ್ನೇ ಕೈಬಿಡೋಣವೇ? ಲಿಟಲ್ ರಾಕ್‌ನ ಕಥೆ ಇದಕ್ಕೆ ಅಡ್ಡ ನಿಲ್ಲುತ್ತದೆ. ಕಪ್ಪು, ಬಿಳಿ ಮಕ್ಕಳನ್ನು ಹಂತಹಂತವಾಗಿ ಒಂದೇ ಶಾಲೆಗೆ ತರುವ ಯೋಜನೆ ಅಲ್ಲಿಯ ಸೂಪರಿಂಟೆಂಡೆಂಟ್ ವರ್ಜಿಲ್ ಬ್ಲಾಸಮ್ ಅವರದು. 1957ರಲ್ಲಿ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಸೆಂಟ್ರಲ್ ಹೈಸ್ಕೂಲಿನ ಬಾಗಿಲು ದಾಟಲು ಅಧ್ಯಕ್ಷ ಐಸೆನ್‌ಹೋವರ್ ಸೈನ್ಯವನ್ನೇ ಕಳಿಸಬೇಕಾಯಿತು. ಮರುವರ್ಷ ಗವರ್ನರ್ ಫಾಬಸ್ ಹೈಸ್ಕೂಲುಗಳಿಗೆ ಬೀಗ ಹಾಕಿಸಿದರು. ಬ್ಲಾಸಮ್ ಅವರ ಕರಾರನ್ನು ಹಣ ಕೊಟ್ಟು ಮುಗಿಸಿದ ಮಂಡಳಿಯಲ್ಲಿ ಐವರು ರಾಜೀನಾಮೆ ಕೊಟ್ಟು ಹೊರಟರು. ಹೊಸ ಮಂಡಳಿ ಮೂರಕ್ಕೆ ಮೂರು ಎಂದು ಸೀಳಿತು. 1959ರ ಮೇ ತಿಂಗಳಲ್ಲಿ ಮೂವರು ಸಭೆಯಿಂದ ಎದ್ದುಹೋದಾಗ, ವರ್ಣಭೇದದ ಕಡೆಯ ಉಳಿದ ಮೂವರು ತಮ್ಮ ಪಕ್ಷದವರಲ್ಲ ಎನಿಸಿದ 44 ಶಿಕ್ಷಕರು, ಆಡಳಿತಗಾರರ ಕೆಲಸ ಕಿತ್ತರು. ಮೂರು ವಾರ ಮುಗಿಯುವುದರೊಳಗೆ, ಮೇ 25ರಂದು, ಊರು ಓಟು ಹಾಕಿ, ಕೆಲಸ ಕಿತ್ತ ಆ ಮೂವರನ್ನೂ ಮಂಡಳಿಯಿಂದ ಇಳಿಸಿತು. ಆಗಸ್ಟಿನಲ್ಲಿ ಶಾಲೆಗಳು ತೆರೆದವು.

ಯೋಜನೆ ಬರೆದ ಪರಿಣತರು ಅಷ್ಟು ಹೊತ್ತಿಗೆ ಊರಲ್ಲಿ ಅಧಿಕಾರದಲ್ಲೇ ಇರಲಿಲ್ಲ. ತಿದ್ದಿದ್ದು ಓಟು. ಆದರೆ ಆ ಮೂವರನ್ನು ಕೆಲವೇ ತಿಂಗಳ ಹಿಂದೆ ಆರಿಸಿ ಕಳಿಸಿದ್ದೂ ಅದೇ ಊರಿನ ಓಟೇ ಎನ್ನುವುದನ್ನು ಮುಚ್ಚಿಡಬಾರದು. ಹತ್ತಿರದ ಆಡಳಿತ ಒಳ್ಳೆಯದಾಗಿಯೇ ಇರುತ್ತದೆ ಎಂದು ನಾನು ಹೇಳುತ್ತಿಲ್ಲ. ಕೆಟ್ಟರೆ ಕೈಗೆ ಸಿಗುತ್ತದೆ ಎನ್ನುತ್ತಿದ್ದೇನೆ. ಕೋವಿಡ್‌ನಿಂದ ತರಗತಿಗಳು ಮುಚ್ಚಿದ್ದಾಗ 44 ಶಾಲೆಗಳ ಹೆಸರು ಬದಲಿಸಲು ಕೂತ ಸ್ಯಾನ್ ಫ್ರಾನ್ಸಿಸ್ಕೊ ಮಂಡಳಿಯ ಮೂವರಿಗೂ 2022ರ ಫೆಬ್ರವರಿಯಲ್ಲಿ ಇದೇ ಗತಿಯಾಯಿತು.

ಕೈಗೆ ಸಿಗದ್ದು ಹಣ. ಶಾಲೆಯ ಖರ್ಚಿನ ದೊಡ್ಡ ಪಾಲು ಊರಿನ ಆಸ್ತಿ ತೆರಿಗೆಯಿಂದ ಬರುವುದರಿಂದ ಬಡ ಊರಿನ ಮಂಡಳಿ ಎಷ್ಟೇ ಚೆನ್ನಾಗಿ ನಡೆದರೂ ಅದರ ಗಲ್ಲಾ ಪೆಟ್ಟಿಗೆ ಹಗುರ. ಟೆಕ್ಸಾಸಿನ ರೋಡ್ರಿಗಸ್ ಮೊಕದ್ದಮೆಯಲ್ಲಿ 1973ರಲ್ಲಿ ಸುಪ್ರೀಂ ಕೋರ್ಟು, ಐದು–ನಾಲ್ಕರ ಬಹುಮತದಿಂದ, ಇದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದುಬಿಟ್ಟಿತು.

ನಮ್ಮ ಕರ್ನಾಟಕದಲ್ಲಿ 2001ರಲ್ಲಿ ಎಸ್‌ಡಿಎಂಸಿಗಳು, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. ತಂದೆತಾಯಿಗಳು ಸದಸ್ಯರಾದರು, ಶಾಲೆಯ ಕಾಂಪೌಂಡು, ಬಿಸಿಯೂಟದ ಮೇಲೆ ಕಣ್ಣಿಟ್ಟರು. ಮೇಷ್ಟ್ರ ನೇಮಕ, ವರ್ಗಾವಣೆ ಮಾತ್ರ ಇಲಾಖೆಯಲ್ಲೇ ಉಳಿಯಿತು. ಬಿಇಒ ಸಾಹೇಬರು ಉತ್ತರ ಹೇಳುವುದು ಮೇಲಕ್ಕೆ. ಅಲ್ಲಿಯ ಮಂಡಳಿಗೆ ಒಬ್ಬನಾದರೂ ನೌಕರನಿದ್ದಾನೆ, ನಮ್ಮ ಸಮಿತಿಗೆ ಅವನೂ ಇಲ್ಲ.

ಅಮೆರಿಕದ ಷಿಕಾಗೊ ಈಗ, ಮಂಡಳಿಯನ್ನು ಯಾರು ಆರಿಸಬೇಕು ಎಂಬ ಪ್ರಶ್ನೆಯ ನಡುವೆಯೇ ಇದೆ. 1995ರಲ್ಲಿ ಅಲ್ಲಿಯ ಶಾಲೆಗಳು ಮೇಯರರ ಹಿಡಿತಕ್ಕೆ ಹೋದವು. 2024ರ ಡಿಸೆಂಬರಿನಲ್ಲಿ, ಹೊಸ ಮಂಡಳಿ ಕುರ್ಚಿಗೆ ಬರುವ ಕೆಲವೇ ವಾರ ಮೊದಲು, ಮೇಯರರು ನೇಮಿಸಿದ ಮಂಡಳಿ ಶಾಲೆಗಳ ಮುಖ್ಯಸ್ಥರನ್ನು ತೆಗೆಯಲು ಓಟು ಹಾಕಿತು. ಕರಾರಿನಂತೆ ಅವರು ಇನ್ನೂ ಆರು ತಿಂಗಳು ಅದೇ ಕುರ್ಚಿಯಲ್ಲಿ ಕೂತರು. ಜನವರಿಯಲ್ಲಿ ಬಂದ 21 ಜನರ ಮಂಡಳಿಯಲ್ಲಿ ಹತ್ತು ಜನ ಮಾತ್ರ ಚುನಾಯಿತರು, ಉಳಿದವರು ಮೇಯರರ ಕಡೆಯಿಂದ ಬಂದವರು. ಪೂರ್ತಿ ಚುನಾಯಿತ ಮಂಡಳಿಗೆ ಕಾನೂನು ಇಟ್ಟ ದಿನ 2027ರ ಜನವರಿ. ಇಪ್ಪತ್ತೊಂದು ಯಜಮಾನರ ಕೈಕೆಳಗೆ ದುಡಿಯಲು ಅರ್ಜಿ ಹಾಕುವವರಿಗೆ ಧೈರ್ಯ ಬೇಕು.