ಪಿಡಿಎಫ್ ಇದ್ರೆ ಕಳ್ಸಲೇ!

ಮೊನ್ನೆ ಭಾನುವಾರ ಬಂಡ್ರಿಯಲ್ಲಿ ಬಸ್ಸಿಗೆ ಕಾಯ್ತಾ ನಿಂತಿದ್ದೆ. ಹೈಸ್ಕೂಲಲ್ಲಿ ಜೊತೆಗೆ ಓದಿದ್ದ ಗೆಳೆಯ ಸಿಕ್ಕ. ಈಗ ತೋರಣಗಲ್ಲಿನಲ್ಲಿ ಕೆಲಸದಲ್ಲಿದ್ದಾನೆ. ನನ್ನ ಕೈಲಿದ್ದ ಹೊಸ ಕಾದಂಬರಿ ತಿರುವಿ ನೋಡಿ, "ಇದರ ಪಿಡಿಎಫ್ ಐತೇನಲೇ? ಇದ್ರೆ ವಾಟ್ಸಾಪಿಗೆ ಹಾಕು" ಅಂದ. "ಹುಡುಕಿ ಹಾಕ್ತೀನಿ ಬಿಡೋ" ಅಂದುಬಿಟ್ಟೆ.

ಬಸ್ಸಲ್ಲಿ ಕೂತು ಹುಡುಕಿದರೆ ಒಂದು ಗ್ರೂಪಿನಲ್ಲಿ ಸಿಕ್ಕೂ ಬಿಟ್ಟಿತು. ಫಾರ್ವರ್ಡ್ ಒತ್ತಬೇಕು, ಅಷ್ಟರಲ್ಲಿ ನೆನಪಾದವರು ಗಳಗನಾಥರು.

ಅವರ ಹೆಸರು ನನಗೆ ಗೊತ್ತಾಗಿದ್ದು ತಾತನ ಟ್ರಂಕಿನಿಂದ. ಅದರಲ್ಲಿ ರಟ್ಟು ಕಿತ್ತುಹೋದ 'ಮಾಧವ ಕರುಣಾ ವಿಲಾಸ' ಇತ್ತು. ವಿಜಯನಗರ ಹುಟ್ಟಿದ ಕಥೆ. ಅದೇ ಲೇಖಕರ 'ಕನ್ನಡಿಗರ ಕರ್ಮಕಥೆ' ಆ ಸಾಮ್ರಾಜ್ಯ 1565ರ ಯುದ್ಧದಲ್ಲಿ ನೆಲಕಚ್ಚಿದ ಕಥೆ. ಹಂಪಿಯ ಪಕ್ಕದಲ್ಲೇ ಬೆಳೆದ ನನಗೆ ಹಂಪಿ ಅಂದರೆ ಶಾಲೆಯ ಪ್ರವಾಸ, ಅಷ್ಟೇ. ಅಲ್ಲಿ ಮನುಷ್ಯರು ಬದುಕಿದ್ದರು ಅಂತ ಅನ್ನಿಸಿದ್ದು ಆ ಹರಕು ಪುಸ್ತಕದಿಂದ.

ಗಳಗನಾಥ ಅನ್ನೋದು ಅವರ ಊರಿನ ಹೆಸರು. ಈಗಿನ ಹಾವೇರಿ ಜಿಲ್ಲೆಯಲ್ಲಿ ವರದಾ ನದಿ ತುಂಗಭದ್ರೆಗೆ ಸೇರುವ ಜಾಗ. ಅಲ್ಲಿಂದ ಹರಿದು ಬಂದ ನೀರೇ ನಮ್ಮ ಹೊಸಪೇಟೆ ಡ್ಯಾಮಿಗೆ, ಹಂಪಿಗೆ ಬರೋದು. ಅವರ ನಿಜ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಹುಟ್ಟಿದ್ದು 1869ರಲ್ಲಿ. ಶಾಲಾ ಮಾಸ್ತರರಾಗಿದ್ದವರು ನೌಕರಿ ಬಿಟ್ಟು ಬರವಣಿಗೆಯನ್ನೇ ನೆಚ್ಚಿಕೊಂಡರು. ಅಗಡಿಯಿಂದ ಹೊರಡುತ್ತಿದ್ದ 'ಸದ್ಬೋಧ ಚಂದ್ರಿಕೆ' ಪತ್ರಿಕೆಯನ್ನು ಬೆಳೆಸಿದವರು ಅವರೇ.

ಆ ಕಾಲ ಹೇಗಿತ್ತು ನೋಡಿ. ಧಾರವಾಡದ ಕಡೆ ಮುಂಬಯಿ ಪ್ರಾಂತ್ಯ, ನಮ್ಮ ಬಳ್ಳಾರಿ ಮದರಾಸು ಪ್ರಾಂತ್ಯ, ಸಂಡೂರು ಬೇರೆಯೇ ಸಂಸ್ಥಾನ. ಕನ್ನಡಿಗರು ಹರಿದು ಹಂಚಿಹೋಗಿದ್ದರು. ಗಳಗನಾಥರ ಸೀಮೆಯಲ್ಲಿ ಓದು ಬಲ್ಲವರು ಹಿಡಿಯುತ್ತಿದ್ದದ್ದು ಹೆಚ್ಚಾಗಿ ಮರಾಠಿ ಪುಸ್ತಕ. ಅವರೂ ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಮೆಚ್ಚಿ ಕನ್ನಡಕ್ಕೆ ತಂದರು. ಆದರೆ ಕನ್ನಡದಲ್ಲಿ ಬರೆದರೆ ಕೊಳ್ಳೋರು ಯಾರು?

ಓದುಗ ಪುಸ್ತಕದ ಹತ್ತಿರ ಬರದಿದ್ದರೆ ಪುಸ್ತಕವೇ ಓದುಗನ ಹತ್ತಿರ ಹೋಗಬೇಕು. ಗಳಗನಾಥರು ಮಾಡಿದ್ದು ಇಷ್ಟೇ. ತಾವೇ ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿದರು. ಕಾದಂಬರಿಕಾರರೂ ಅವರೇ, ಹಮಾಲರೂ ಅವರೇ. 1942ರಲ್ಲಿ ತೀರಿಕೊಳ್ಳೋ ಹೊತ್ತಿಗೆ ಅವರು ಶ್ರೀಮಂತರಾಗಿರಲಿಲ್ಲ. ಆದರೆ ಕನ್ನಡಕ್ಕೆ ಕಾದಂಬರಿ ಓದೋ ಜನ ಹುಟ್ಟಿಕೊಂಡಿದ್ದರು.

ಈಗ ನನ್ನ ಫೋನಿನ ವಿಷಯ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತೆ. ಹಾಗಾಗಿ ಗಳಗನಾಥರು ಬರೆದದ್ದು 2003ರಿಂದ ಎಲ್ಲರ ಸ್ವತ್ತು. ಎಷ್ಟು ಜನಕ್ಕೆ ಬೇಕಾದರೂ ಕಳಿಸಿ, ಪಾಪವಿಲ್ಲ. ಆದರೆ ನನ್ನ ಕೈಲಿದ್ದ ಕಾದಂಬರಿ ಬರೆದವರು ಬದುಕಿದ್ದಾರೆ. ಅವರ ಗಂಟಿನಿಂದ ಒಂದು ಪುಸ್ತಕ ಎತ್ತಿ ಗೆಳೆಯನಿಗೆ ಕೊಟ್ಟು, "ನೋಡು, ನಾನೆಷ್ಟು ಉದಾರಿ" ಅಂದಂತಾಗುತ್ತಿತ್ತು. ಹಿಂದೆ ಹಾಗೆ ಕಳಿಸಿದ್ದೀನಿ ಕೂಡ, ಒಂದೆರಡಲ್ಲ.

ಅವತ್ತು ಕಳಿಸಲಿಲ್ಲ. ಬದಲಿಗೆ ಮೆಸೇಜ್ ಹಾಕಿದೆ: "ಇದರ ಪಿಡಿಎಫ್ ಬ್ಯಾಡ ಬಿಡು. ಓದಿ ಮುಗಿಸಿದ ಮ್ಯಾಲೆ ನನ್ನ ಪುಸ್ತಕಾನೇ ಕೊಡ್ತೀನಿ. ಇಷ್ಟ ಆದ್ರೆ ಅವರ ಮುಂದಿನದ್ದು ನೀನು ಕೊಂಡ್ಕೋ."

ಬಸ್ಸು ಕೂಡ್ಲಿಗಿ ದಾಟಿದ ಮೇಲೆ ಉತ್ತರ ಬಂತು. "ರೇಟ್ ಎಷ್ಟಲೇ?"

ನಗು ಬಂತು. ಗಳಗನಾಥರು ಗಂಟು ಇಳಿಸಿದ ಪ್ರತಿ ಬಾಗಿಲಲ್ಲೂ ಮೊದಲು ಕೇಳಿಬಂದ ಮಾತು ಇದೇ ಇರಬೇಕು. ಪರವಾಗಿಲ್ಲ. ರೇಟು ಕೇಳಿದವನು ಅರ್ಧ ಗಿರಾಕಿ ಆದ ಹಾಗೆ.