ಮರೆವಿನವರ ಸೇವೆಗೆ ದಾದಿಯರ ಶಿಕ್ಷಣ

ಅರವತ್ತು ದಾಟಿದವರು ಮಾತು ಮರೆತರೆ ‘ಅರಳು ಮರಳು’ ಎಂದು ನಕ್ಕು ಸುಮ್ಮನಾಗುವುದು ನಮ್ಮಲ್ಲಿ ವಾಡಿಕೆ. ನಾನೂ ನಕ್ಕವನೇ. ಮೂರು ವರ್ಷಗಳ ಹಿಂದೆ ನಮ್ಮ ಆಯಿ, ತವರೂರಾದ ಹೊರ್ತಿಗೆ ಹೋಗುವೆನೆಂದು, ಬೆಳಗಿನ ಜಾವ ಬರಿಗಾಲಲ್ಲಿ ಸೊಲ್ಲಾಪುರ ರಸ್ತೆ ಹಿಡಿದು ನಡೆದಳು. ತವರಿನಲ್ಲಿ ಈಗ ಯಾರೂ ಉಳಿದಿಲ್ಲ. ಲಾರಿಯೊಂದಕ್ಕೆ ಬೆದರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಾಗ ನಮ್ಮ ನಗು ನಿಂತಿತು.

ಸೊಲ್ಲಾಪುರದ ಒಂದು ಆಸ್ಪತ್ರೆಗೆ ಸೇರಿಸಿದೆವು. ಸಂತೆಯಲ್ಲಿ ಕಲಿತ ಮರಾಠಿಯನ್ನು ಆಯಿ ಪೂರಾ ಮರೆತಿದ್ದಳು. ಉಳಿದದ್ದು ಎಳವೆಯ ಕನ್ನಡವೊಂದೇ. “ಎಮ್ಮಿ ಹಿಂಡೂದೈತಿ, ಬಿಡ್ರೆವಾ” ಎಂದು ಇರುಳೆಲ್ಲ ಕೂಗುವಳು. ಮೂರನೆಯ ಇರುಳು ಆಕೆಯ ಕೈಗಳನ್ನು ಮಂಚಕ್ಕೆ ಕಟ್ಟಿದರು. ನಾನು ಬಾಗಿಲಲ್ಲಿ ನಿಂತು ನೋಡಿದೆನೇ ಹೊರತು ಬೇಡವೆನ್ನಲಿಲ್ಲ.

ಮರುದಿನ ಅಕ್ಕಲಕೋಟೆಯ ಕಡೆಯ ದಾದಿಯೊಬ್ಬಳು ಬಂದು ಕಟ್ಟು ಬಿಚ್ಚಿ, “ಆಯಿ, ನಿಮ್ಮ ಎಮ್ಮಿ ಎಷ್ಟ ಹಾಲ ಕೊಡತೈತ್ರಿ?” ಎಂದು ಕೇಳಿದಳು. ಆಯಿ ಎಮ್ಮೆಯ ವಂಶಾವಳಿಯನ್ನೇ ಹೇಳಿ, ಎರಡು ದಿನದ ಮೇಲೆ ಅನ್ನ ಉಂಡಳು. ಇದನ್ನೆಲ್ಲಿ ಕಲಿತಿರೆಂದೆ. “ನಮ್ಮಜ್ಜೀನೂ ಹಿಂಗ ಇದ್ದಳ್ರಿ” ಎಂದಳು.

ದಾದಿಯ ಅಜ್ಜಿಗೂ ಅದೇ ರೋಗ ಬಂದಿದ್ದರೆ ಮಾತ್ರ ರೋಗಿಗೆ ಸುಖ ಎಂಬಂತಾಗಬೇಕೆ?

ಇದು ಮೆದುಳಿನ ರೋಗವೆಂಬುದನ್ನು ಜರ್ಮನಿಯ ವೈದ್ಯ ಆಲ್ಝೈಮರ್ 1906ರಲ್ಲಿಯೇ ತೋರಿಸಿದನು. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ನೂರಕ್ಕೆ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಶಿಯಾ ಇದೆ. ನಮ್ಮ ಸರಕಾರವು ನಿಮ್ಹಾನ್ಸ್ ಸಂಸ್ಥೆಯೊಡನೆ ಕೂಡಿ 2022ರಲ್ಲಿ ಮೆದುಳಿನ ಆರೋಗ್ಯದ ಯೋಜನೆಯನ್ನು ಕೈಕೊಂಡದ್ದು ಸಂತೋಷವೇ ಸರಿ. ಆದರೆ ರೋಗವನ್ನು ಗುರುತಿಸಿ ವೈದ್ಯರು ಹೊರಟ ಮೇಲೆ ಇರುಳು ಕಳೆಯುವವಳು ದಾದಿ. ಬಾಯಿಬಿಟ್ಟು ಹೇಳಲಾರದವರ ನೋವನ್ನು ಮುಖದಲ್ಲಿ ಓದುವುದನ್ನು ಆಕೆ ಕಲಿಯಬೇಕು. ಗೊಂದಲವು ಒಂದೆರಡು ದಿನಗಳಲ್ಲಿಯೇ ಏಕಾಏಕಿ ಹೆಚ್ಚಿದರೆ ಅದು ಬರಿಯ ಮರೆವಲ್ಲ. ಮೂತ್ರದ ಸೋಂಕೋ, ಮಲಬದ್ಧತೆಯೋ, ಹೊಸ ಔಷಧವೋ ಕಾರಣವಿದ್ದೀತು, ಗುಣವಾದೀತು ಎಂಬುದನ್ನೂ ತಿಳಿದಿರಬೇಕು. ಎಮ್ಮೆ ಸತ್ತು ಎಷ್ಟೋ ವರ್ಷವಾಯಿತೆಂದು ವಾದಿಸಿ ಫಲವಿಲ್ಲ.

ದಾದಿಯರೇ ಸಾಲದಿರುವಾಗ ಇಷ್ಟು ಹೊತ್ತು ಎಲ್ಲಿಯದೆಂದು ನಮ್ಮ ಉಪನ್ಯಾಸಕರೊಬ್ಬರು ಕೇಳಿದರು. ಒಪ್ಪತಕ್ಕ ಮಾತೇ. ಆದರೆ ಕಟ್ಟಿದ ಕೈಯ ಹುಣ್ಣಿಗೆ ಮದ್ದು ಹಚ್ಚಲೂ ಹೊತ್ತು ಬೇಕಷ್ಟೆ!

ಸೊಲ್ಲಾಪುರ ರಸ್ತೆಯಲ್ಲಿ ವೈದ್ಯಕೀಯ ಮಹಾವಿದ್ಯಾಲಯವಿದೆ. ನಗರದಲ್ಲಿ ದಾದಿಯರ ಶಿಕ್ಷಣವೂ ನಡೆಯುತ್ತದೆ. ಆ ವಿದ್ಯಾರ್ಥಿಗಳು ತಿಕೋಟಾ, ಬಬಲೇಶ್ವರಗಳ ಕಡೆ ಇಂಥ ವೃದ್ಧರಿರುವ ಮನೆಗಳಲ್ಲಿ ಕೆಲವು ದಿನ ಕುಳಿತು ಕಲಿಯಲಿ. ಮೊದಲು ನಮ್ಮ ಮನೆಗೇ ಬರಬಹುದು. ಆಯಿ ಇದ್ದಾಳೆ. ನನ್ನ ಹೆಸರು ಮರೆತಿದ್ದಾಳೆ, ಎಮ್ಮೆಯದನ್ನು ಮರೆತಿಲ್ಲ.