ಲೈವ್ ರಾಕ್‌ಗೂ ಒಂದು ಊರಿನ ಚೀಟಿ ಬೇಕು

ಕೋಲಾರ ಜಿಲ್ಲೆಯ ಕೆಜಿಎಫ್‌ನ ಚಿನ್ನದ ಗಣಿಗಳು ನಡೆಯುತ್ತಿದ್ದ ಕಾಲದಲ್ಲಿ ಅದಿರಿನ ಹೊಳಪು ನೋಡಿ ಯಾರೂ ಚಿನ್ನದ ಲೆಕ್ಕ ಬರೆಯುತ್ತಿರಲಿಲ್ಲ. ಕಲ್ಲನ್ನು ಪುಡಿಮಾಡಿ, ಕರಗಿಸಿ, ತೂಗಿದ ಮೇಲಷ್ಟೇ ಮಾತು. ಉಪ್ಪುನೀರಿನ ಅಕ್ವೇರಿಯಂ ಸಾಕುವವರಲ್ಲಿ ಈ ಶಿಸ್ತು ಅಪರೂಪ. ಆಮದಾದ ಲೈವ್ ರಾಕ್‌ನ, ಅಂದರೆ ಜೀವಿಗಳು ನೆಲೆಸಿದ ಸತ್ತ ಹವಳದ ಕಲ್ಲಿನ, ಬಿರುಕಿನಿಂದ ಬೆರಳುದ್ದದ ಪ್ರಾಣಿಯೊಂದು ಇಣುಕಿದರೆ ಮೊಬೈಲಿನಲ್ಲಿ ಒಂದು ಫೋಟೊ. ಮೈ ಹಸಿರಿದ್ದರೆ ಒಂದು ಹೆಸರು, ಕಂದಿದ್ದರೆ ಇನ್ನೊಂದು.

ಈ ಪ್ರಾಣಿ ಮ್ಯಾಂಟಿಸ್ ಶ್ರಿಂಪ್. ಸೀಗಡಿಯ ದೂರದ ನೆಂಟ, ಸೀಗಡಿಯಲ್ಲ. ಸತ್ತ ಹವಳದ ತುಂಡಿನ ಪೊಟರೆಯಲ್ಲಿ ಅವಿತು ಸಾಗರ ದಾಟಿ ಬರುತ್ತದೆ. ರಾತ್ರಿ ತೊಟ್ಟಿಯಲ್ಲಿ ಟಕ್ ಟಕ್ ಸದ್ದು, ಬೆಳಿಗ್ಗೆ ಒಡೆದ ಬಸವನಹುಳುವಿನ ಚಿಪ್ಪು: ಅತಿಥಿ ಬಂದಿರುವುದು ಗೊತ್ತಾಗುವುದೇ ಹೀಗೆ.

ಜಗತ್ತಿನಲ್ಲಿ ಇವುಗಳ ಪ್ರಭೇದಗಳು ಐನೂರರ ಆಸುಪಾಸು. ಫ್ಲಾರಿಡಾ ಕಡೆಯ ಕಲ್ಲಿನಲ್ಲಿ ಹೆಚ್ಚಾಗಿ ಸಿಗುವ ನಿಯೊಗೊನೊಡ್ಯಾಕ್ಟಿಲಸ್ ವೆನ್ನೆರೆ ಹಸಿರೂ ಇರಬಹುದು, ಕಂದೂ ಇರಬಹುದು, ಮಚ್ಚೆಮಚ್ಚೆಯೂ ಇರಬಹುದು. ಇದಕ್ಕೆ ಸ್ವಂತ ಹೆಸರು ಸಿಕ್ಕಿದ್ದೇ 1997ರಲ್ಲಿ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಗೊನೊಡ್ಯಾಕ್ಟಿಲಸ್ ಸ್ಮಿಥಿಯೂ ಹಸಿರಾಗಿರಬಹುದು. ಆದರೆ ಅದರ ಹೊಡೆಯುವ ಕಾಲಿನ ಒಳಮಗ್ಗುಲಲ್ಲಿ ನೇರಳೆ ಚುಕ್ಕೆಯಿರುತ್ತದೆ. ಬಲ್ಲವರು ಆ ಚುಕ್ಕೆಯನ್ನೂ ಬಾಲದ ತುದಿಯ ಏಣುಗಳನ್ನೂ ನೋಡುತ್ತಾರೆ. ಎಲ್ಲಕ್ಕಿಂತ ಮೊದಲು ಕಲ್ಲು ಯಾವ ಕಡಲಿನದು ಎಂದು ಕೇಳುತ್ತಾರೆ. ಕೋಲ್ಕತ್ತಾದ ಇಂಡಿಯನ್ ಮ್ಯೂಸಿಯಂನ ಸಂಗ್ರಹ ಆಧರಿಸಿ ಸ್ಟಾನ್ಲಿ ಕೆಂಪ್ 1913ರಲ್ಲಿ ಈ ಗುಂಪಿನ ಬಗ್ಗೆ ಗ್ರಂಥ ಬರೆಯಲು ಸಾಧ್ಯವಾದದ್ದು ಮಾದರಿಗಳ ಸೀಸೆಗಳ ಜೊತೆ ಅವು ಸಿಕ್ಕ ಊರಿನ ಚೀಟಿಯೂ ಇದ್ದುದರಿಂದ.

ಅಂಗಡಿಯ ತೊಟ್ಟಿಯಲ್ಲಿ ಹಲವು ದೇಶಗಳ ಕಲ್ಲು ಬೆರೆತರೆ ಆ ಚೀಟಿ ಕಳೆದಂತೆಯೇ. ಇಲ್ಲಿ ಕಾನೂನೂ ಬರುತ್ತದೆ. ಕೆಜಿಎಫ್ ಗಣಿಗೆ ಬೀಗ ಬಿದ್ದ 2001ರಲ್ಲೇ ಬಂಡೆ ಕಟ್ಟುವ ಹವಳಗಳು ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ ಸೇರಿದವು. ಹವಳದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ಕಟ್ಟುಪಾಡೂ ಇದೆ. ಹಾಗಿರುವಾಗ ಮೂಲದ ಕಾಗದವಿಲ್ಲದ ಕಲ್ಲನ್ನು ಬೆಂಗಳೂರಿನವರಾಗಲಿ ಬಂಗಾರಪೇಟೆಯವರಾಗಲಿ ಕೊಳ್ಳಲೇಬಾರದು.

ಬೇಡವಾದ ಪ್ರಾಣಿಯನ್ನು ಎಲ್ಲೋ ಬಿಟ್ಟು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಕೋಲಾರದ ಕೆರೆಗೆ ಬಿಟ್ಟರೆ ಸಿಹಿನೀರಿಗೆ ಸಾಯುತ್ತದೆ. ಚೆನ್ನೈ ರೈಲು ಹತ್ತಿ ಕಡಲಿಗೆ ಬಿಡಲು ಹೊರಟರೆ ಅದು ಇನ್ನೂ ದೊಡ್ಡ ತಪ್ಪು. ಹವಾಯಿಗೆ ಹೊರಗಿನಿಂದ ಬಂದ ಗೊನೊಡ್ಯಾಕ್ಟಿಲೇಸಿಯಸ್ ಫಾಲ್ಕೇಟಸ್, ಅಲ್ಲಿನ ಹವಳದ ಬಿರುಕುಗಳಲ್ಲಿ ಮೊದಲಿಂದ ಇದ್ದ ಇನ್ನೊಂದು ಮ್ಯಾಂಟಿಸ್ ಶ್ರಿಂಪ್ ಅನ್ನು ಹೊರದಬ್ಬಿತು.

ಸರಿಯಾದ ಗುರುತಿನ ಬೆಲೆ ಕೋಲಾರ ಜಿಲ್ಲೆಗೆ ಗೊತ್ತಿಲ್ಲದ್ದಲ್ಲ. ಹನುಮನಹಳ್ಳಿಯ ಗುಹೆಯ ಬಾವಲಿಯನ್ನು ಮೂಗಿನ ಮೇಲಿನ ಎಲೆಯಂಥ ಚರ್ಮದ ರಚನೆ ನೋಡಿ ಬೇರೆ ಪ್ರಭೇದವೆಂದು 1994ರಲ್ಲಿ ವಿಜ್ಞಾನಿಗಳು ವಿವರಿಸಿದರು. ಕೋಲಾರದ ಹೆಸರು ಹೊತ್ತ ಆ ಬಾವಲಿಗೆ ಉಳಿದಿರುವುದು ಅದೊಂದೇ ನೆಲೆ, ಸಂಖ್ಯೆ ಇನ್ನೂರರೊಳಗೆ. ಕಲ್ಲುಗಣಿಗಾರಿಕೆಯ ಎದುರು ಅದರ ಪರವಾಗಿ ವಾದಿಸಲು ಆ ವಿವರಣೆಯೇ ಆಧಾರ. ಜಿಲ್ಲೆಯ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳು ಇಂಥ ಗುರುತಿಸುವಿಕೆಯನ್ನು ಪಠ್ಯದಿಂದ ಹೊರಗೆ ತರಲಿ. ಅಕ್ವೇರಿಯಂ ಮಾಲೀಕರು ಸತ್ತ ಪ್ರಾಣಿಯನ್ನು ಎಸೆಯದೆ, ಆಲ್ಕೊಹಾಲ್‌ನಲ್ಲಿಟ್ಟು, ಕಲ್ಲು ಬಂದ ದೇಶ ಮತ್ತು ದಿನಾಂಕ ಬರೆದ ಚೀಟಿ ಹಚ್ಚಿ ಆ ವಿಭಾಗಗಳಿಗೆ ತಲುಪಿಸಲಿ.